ಬ್ರೇಕಿನ ಪೈಪಿಗೆ ಸಗಣಿ ಮೆತ್ತಿದ್ದು

ಬಸ್ಸಿನಲ್ಲಿ ಕೂತರೆ ನನ್ನ ಬಲಗಾಲು ಸುಮ್ಮನಿರುವುದಿಲ್ಲ. ಮದ್ದೂರಿನಲ್ಲಿ ಮನೆ, ಮಳವಳ್ಳಿಯಲ್ಲಿ ಸ್ಕೂಲು, ದಿನಾ ಬಸ್ಸಿನಲ್ಲೇ ನನ್ನ ಓಡಾಟ. ಎದುರಿಗೆ ಕಬ್ಬು ತುಂಬಿದ ಟ್ರ್ಯಾಕ್ಟರು ಕಂಡು, ಬ್ರೇಕ್ ಹಾಕಬೇಕೋ ಬೇಡವೋ ಎಂದು ಡ್ರೈವರು ಯೋಚಿಸುವಷ್ಟರಲ್ಲಿ ಹಿಂದೆ ಕೂತಿರುವ ನಾನು ಹಾಕಿಯೇ ಬಿಟ್ಟಿರುತ್ತೇನೆ. ಒಂದು ಸಲ ಹೀಗೆ ಒತ್ತಿದಾಗ ಕಾಲಿನ ಕೆಳಗೆ ಏನೋ ಮೆತ್ತಗೆ ಒಡೆದ ಹಾಗಾಯಿತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಸೀಟಿನಡಿಯಿಂದ ತನ್ನ ಚೀಲ ಎಳೆದು ನೋಡಿ, "ಏನ್ ಸಾ, ನನ್ ಟಮಾಟೋನ ಬಿರೇಕು ಅಂದ್ಕಂಡ್ರಾ?" ಅಂದಿತು. ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ, ಆದರೆ ಮುಂದಿನ ತಿರುವಿನಲ್ಲಿ ಮತ್ತೆ ಒತ್ತಿದೆ.

ಈ ಕಾಲು ಮೊದಲು ಹೀಗಿರಲಿಲ್ಲ. ಎರಡು ವರ್ಷದ ಹಿಂದೆ ಮುತ್ತತ್ತಿಯ ಇಳಿಜಾರಿನಲ್ಲಿ ಕಲಿತ ಅಭ್ಯಾಸ ಇದು. ಅದನ್ನು ಹೇಳಬೇಕೆಂದರೆ ನಮ್ಮ ಭಾವನ ವಿಷಯ ಹೇಳಬೇಕು. ಭಾವನ ವಿಷಯ ಹೇಳಬೇಕೆಂದರೆ ನನ್ನ ಪುಕ್ಕಲುತನವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ನೀವು ಆಶ್ಚರ್ಯಪಡಬಾರದಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಆಸಿಡ್ ಬಾಟಲಿಯ ಮುಚ್ಚಳ ತೆಗೆಯುವಾಗ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಳ್ಳುತ್ತೇನೆ. ಮನೆಯಲ್ಲಿ ಗ್ಯಾಸ್ ಒಲೆ ಹಚ್ಚುವಾಗ ಲೈಟರನ್ನು ಕೈ ನೀಳ ಚಾಚಿ ಹಿಡಿದು, ಒಂದು ಕಾಲನ್ನು ಬಾಗಿಲ ಕಡೆಗೇ ಇಟ್ಟಿರುತ್ತೇನೆ. ಹಲ್ಲಿ ಕಂಡರೆ ಭಯ, ಹಲ್ಲು ಕೀಳುವ ಡಾಕ್ಟರನ್ನು ಕಂಡರೆ ಭಯ, ಹೆಡ್‌ಮಾಸ್ಟರು ನಗುತ್ತಾ ಮಾತಾಡಿಸಿದರೆ ಇನ್ನೂ ಭಯ. "ಇವ್ನು ಉಟ್ಟಿದ್ದೇ ಎದ್ರುಕೊಂಡು ಕಣಮ್ಮ. ಸೂಲಗಿತ್ತಿ ಕೈಲಿ ಬೀಳ್ತೀನಿ ಅಂತ ಅವ್ವನ್ನ ಗಟ್ಯಾಗಿ ಇಡ್ಕಂಬುಟ್ಟಿದ್ದ" ಎಂದು ನನ್ನ ಅಕ್ಕ ಜಯಮ್ಮ ನನ್ನ ಹೆಂಡತಿ ಸವಿತಾಳಿಗೆ ಮದುವೆಯಾದ ವಾರದಲ್ಲೇ ಹೇಳಿದ್ದಳು. ಸವಿತಾ ಅದನ್ನು ಈಗಲೂ ಮರೆತಿಲ್ಲ.

ಆದರೆ ಇವೆಲ್ಲ ಚಿಲ್ಲರೆ ಭಯಗಳು. ದೊಡ್ಡ ಭಯ ಒಂದೇ. ಅದು ಭಾವ.

ಅಕ್ಕನ ಗಂಡ ಬೋರೇಗೌಡರು ಮಂಡ್ಯದ ಹತ್ತಿರದ ಹೊಳಲಿನವರು. ಅಪ್ಪ ತೀರಿಕೊಂಡ ಮೇಲೆ ಹೈಸ್ಕೂಲು ಮುಗಿಯುವವರೆಗೂ ನಾನು ಅವರ ಮನೆಯಲ್ಲೇ ಬೆಳೆದೆ. ಒಂದು ದಿನವೂ ಅವರು ನನಗೆ ಹೊಡೆಯಲಿಲ್ಲ. ಹೊಡೆಯುವ ಅಗತ್ಯವೇ ಇರಲಿಲ್ಲ, ಜಗಲಿಯಲ್ಲಿ ಅವರು ಕೆಮ್ಮಿದರೆ ಸಾಕು, ಒಳಗೆ ನನ್ನ ಮುದ್ದೆ ಗಂಟಲಲ್ಲೇ ನಿಲ್ಲುತ್ತಿತ್ತು. ಈಜು ಕಲಿಸುತ್ತೇನೆಂದು ಒಂದು ಬೇಸಿಗೆಯಲ್ಲಿ ನನ್ನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, "ಎದ್ರಿಕೆ ಆಯ್ತದೇನ್ಲಾ?" ಎಂದು ಕೇಳಿದರು. ಬಾವಿಯ ನೀರು ಕಪ್ಪಗಿತ್ತು. "ಇಲ್ಲ ಬಾವ" ಅಂದೆ. ಮರುಕ್ಷಣ ನಾನು ಬಾವಿಯೊಳಗಿದ್ದೆ. ಈಜು ಬಂತು ಅನ್ನಿ. ಅದರ ಜೊತೆಗೆ ಭಾವ ಏನು ಕೇಳಿದರೂ ಅವರಿಗೆ ಬೇಕಾದ ಉತ್ತರವನ್ನೇ ಕೊಡುವುದೂ ಬಂತು.

ಆ ಬಾವಿಯ ಪಕ್ಕದ ಪಂಪ್‌ಸೆಟ್ ಮನೆ ನನಗೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ. ಆಯಿಲ್ ವಾಸನೆ, ಗೋಡೆಯ ಮೇಲೆ ಜೇಡರ ಬಲೆ, ಮೂಲೆಯಲ್ಲಿ ಹಳೆ ಸೈಕಲ್ ಟ್ಯೂಬುಗಳ ಸುರುಳಿ. ನಮ್ಮ ಕಡೆ ಸೈಕಲ್ ಟ್ಯೂಬನ್ನು ಯಾರೂ ಎಸೆಯುವುದಿಲ್ಲ. ಅದನ್ನು ಉದ್ದುದ್ದ ಪಟ್ಟಿಯಾಗಿ ಕುಯ್ದು ಇಟ್ಟುಕೊಂಡರೆ ಪೈಪಿನ ಜಾಯಿಂಟಿಗೆ ಸುತ್ತಲು ಅದಕ್ಕಿಂತ ಒಳ್ಳೆಯ ಸಾಮಾನು ಇಲ್ಲ. ಪೈಪು ಕಚ್ಚಿಕೊಂಡು ಬಿಚ್ಚಲು ಬಾರದಿದ್ದರೆ ಒಂದಿಷ್ಟು ಕಬ್ಬಿನ ತರಗು ಉರಿಸಿ ಕಾವು ಕೊಡುವುದು, ಇಲ್ಲವೇ ಕುದಿಯುವ ನೀರು ಹುಯ್ಯುವುದು. ಪೈಪು ಮೆತ್ತಗಾಗಿ ತಿರುವಿದ ಕಡೆ ತಿರುಗುತ್ತದೆ.

ಇನ್ನು ಬಾವಿಯಿಂದ ನೀರು ಎಳೆದುಕೊಳ್ಳುವ ಪೈಪು ಇದೆಯಲ್ಲ, ಸಕ್ಷನ್ ಪೈಪು, ಅದರ ಜಾಯಿಂಟಿನಲ್ಲಿ ಸಣ್ಣ ಸಂದಿ ಇದ್ದರೂ ಪಂಪು ನೀರಿನ ಬದಲು ಗಾಳಿ ಎಳೆಯುತ್ತದೆ. 'ಸುಯ್' ಅಂತ ಒಂದು ಸದ್ದು ಬರುತ್ತದೆ. ಆಗ ನನ್ನ ಕೆಲಸ ಶುರು. ಕೊಟ್ಟಿಗೆಗೆ ಓಡಿ ಹಸಿ ಸಗಣಿ ತರಬೇಕು. ಭಾವ ಅದನ್ನು ಟ್ಯೂಬಿನ ಪಟ್ಟಿಯ ಮೇಲೆ ದಪ್ಪಗೆ ಮೆತ್ತುತ್ತಿದ್ದರು. ಒಳಗಿನ ಎಳೆತಕ್ಕೆ ಸಗಣಿ ಸಂದಿಯೊಳಗೆ ಹೋಗಿ ಕೂತು ಸುಯ್ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ ಗದ್ದೆಗೆ ನೀರು ಧುಮುಕುತ್ತಿತ್ತು. ಒಮ್ಮೆ, ಪೈಪು ಬಿಚ್ಚಿದ್ದಾಗ, ಎಳೆತ ಎಷ್ಟಿದೆ ನೋಡೋಣವೆಂದು ಪಂಪಿನ ಬಾಯಿಗೆ ಅಂಗೈ ಇಟ್ಟುಬಿಟ್ಟಿದ್ದೆ. ಅದು ನನ್ನ ಕೈಯನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಭಾವ ಓಡಿಬಂದು ಮೋಟರು ಆರಿಸುವವರೆಗೆ ನಾನು ಕಿರುಚುತ್ತಿದ್ದೆ. ಅಂಗೈ ತುಂಬ ಕೆಂಪು ಬಳೆಯಂಥ ಗುರುತು. ಕಣ್ಣಿಗೆ ಕಾಣದ್ದೊಂದು ಹೀಗೆ ಹಿಡಿದುಕೊಳ್ಳಬಲ್ಲದು ಎಂದು ತಿಳಿದದ್ದು ಅವತ್ತೇ. ಇವತ್ತು ಒಂಬತ್ತನೇ ಕ್ಲಾಸಿಗೆ ನಿರ್ವಾತದ ಪಾಠ ಮಾಡುವಾಗ ಮಕ್ಕಳಿಗೆ ಸ್ಟ್ರಾ ಹಾಕಿದ ಎಳನೀರಿನ ಉದಾಹರಣೆ ಕೊಡುತ್ತೇನೆ. ನನ್ನ ಅಂಗೈಯ ಉದಾಹರಣೆ ಕೊಡುವುದಿಲ್ಲ.

ಈಗ ಕಾರಿನ ವಿಷಯ. ನಾನೊಂದು ಹಳೆಯ ಪೆಟ್ರೋಲ್ ಕಾರು ಇಟ್ಟುಕೊಂಡಿದ್ದೆ. ಹದಿನೈದು ವರ್ಷ ದುಡಿದು ದಣಿದ ಕಾರು. ಸೇತುವೆ ಹತ್ತುವಾಗ ಏದುಸಿರು ಬಿಡುತ್ತಿತ್ತು, ಹಿಂದಿನಿಂದ ಬಿಳಿ ಹೊಗೆ ಉಗುಳುತ್ತಿತ್ತು. ಮೆಲ್ಲಗೆ ಓಡಿಸುವ ನನಗೆ ಅದರಿಂದ ತೊಂದರೆಯೇನೂ ಇರಲಿಲ್ಲ. ಆದರೆ ಹಬ್ಬಕ್ಕೆಂದು ಹೊಳಲಿಗೆ ಹೋದಾಗ ಭಾವ ಅದರ ಹೊಗೆ ನೋಡಿದರು. "ಇದೇನ್ಲಾ ಮೇಷ್ಟ್ರೇ, ಬೆಲ್ಲದ ಗಾಣ ಆಕಂಡಿದ್ದೀಯಾ ಒಳಗೆ?" ಅಂದರು. ಮುಂದಿನ ತಿಂಗಳು ಅವರೇ ಫೋನ್ ಮಾಡಿ, ಮಂಡ್ಯದ ಗುಜರಿಯಲ್ಲಿ ಅದೇ ಕಂಪನಿಯ, ಇನ್ನೂ ದೊಡ್ಡ ಎಂಜಿನ್ ಸಿಕ್ಕಿದೆ, ಹಳೆಯದನ್ನು ಇಳಿಸಿ ಇದನ್ನು ಕೂರಿಸೋಣ, ಬೇಸಿಗೆ ರಜಕ್ಕೆ ಕಾರು ತಗೊಂಡು ಬಾ ಎಂದರು. ನನಗೆ ಬೇಡವಾಗಿತ್ತು. "ಆಗ್ಲಿ ಬಾವ" ಅಂದೆ.

ಹೊಳಲಿನ ಅಂಗಳದಲ್ಲಿ ಹುಣಸೆಮರದ ಕೊಂಬೆಗೆ ಸರಪಳಿ ಕಟ್ಟಿ ಎಂಜಿನ್ ಎತ್ತುವ ಏರ್ಪಾಡಾಯಿತು. ಮೆಕ್ಯಾನಿಕ್ ಸಿದ್ರಾಜು ಮಂಡ್ಯದವನು, ಒಳ್ಳೆಯ ಕೆಲಸಗಾರ. ಅವನು ಬರುವುದರೊಳಗೆ ಎಂಜಿನ್ನಿಗೆ ಅಂಟಿಕೊಂಡ ರಬ್ಬರ್ ಪೈಪುಗಳನ್ನೆಲ್ಲ ಬಿಚ್ಚಿ ಇಡುವುದು ನಮ್ಮ ಪಾಲಿನ ಕೆಲಸ. ವ್ಯಾಕ್ಯೂಮ್ ಪೈಪು ಅಂತಾರೆ, ಎಂಜಿನ್ ಗಾಳಿ ಎಳೆದುಕೊಳ್ಳುವ ಪೈಪು. ನೋಡಲು ಬೆರಳು ಗಾತ್ರದ ಕರಿ ಕೊಳವೆಗಳು ಅಷ್ಟೇ. ಬಿಚ್ಚುವುದು ಮಾತ್ರ ಹೇಳಿದಷ್ಟು ಸುಲಭವಲ್ಲ. ರಬ್ಬರು ಅಷ್ಟು ವರ್ಷ ಎಂಜಿನ್ನಿನ ಕಾವು ತಿಂದು, ತಾನು ಕೂತ ಕಬ್ಬಿಣದ ಮೂತಿಗೆ ಹುಟ್ಟಿನಿಂದಲೇ ಅಂಟಿಕೊಂಡಂತೆ ಕಚ್ಚಿಕೊಂಡಿರುತ್ತದೆ. ಎಳೆದರೆ ಹರಿಯುತ್ತದೆ. ಜೋರಾಗಿ ಎಳೆದರೆ ಮೂತಿಯೇ ಮುರಿಯುತ್ತದೆ.

ಯಾವ ಪೈಪು ಎಲ್ಲಿಯದು ಎಂದು ಮರೆತರೆ ಏನು ಗತಿ ಎನ್ನುವುದು ನನ್ನ ಮೊದಲ ಭಯ. ಅಕ್ಕನ ಹೊಲಿಗೆ ಡಬ್ಬಿಯಿಂದ ಬಣ್ಣಬಣ್ಣದ ಉಲ್ಲನ್ ದಾರ ತಂದು ಪೈಪಿಗೊಂದು, ಅದರ ಮೂತಿಗೊಂದು ಒಂದೇ ಬಣ್ಣ ಕಟ್ಟುತ್ತಾ ಹೋದೆ. ಭಾವ ಸೊಂಟಕ್ಕೆ ಕೈಯಿಟ್ಟು ನೋಡಿ, "ಏನ್ಲಾ, ಇದುಕ್ಕೆ ಜಡೆ ಆಕ್ತಿದ್ದೀಯಾ?" ಅಂದರು. ಆಮೇಲೆ ಪಂಚೆ ಎತ್ತಿಕಟ್ಟಿ ಬಾನೆಟ್ಟಿನೊಳಗೆ ಬಗ್ಗಿದರು. "ಎಳೀತದೆ ತಾನೆ ಈ ಪೈಪು? ಎಳೆಯೋದು ಅಂದ್ರೆ ಸಕ್ಷನ್ನು. ಸಕ್ಷನ್ನು ಅಂದ್ರೆ ಪಂಪ್‌ಸೆಟ್ಟು. ಬುಡು, ನಂಗೊತ್ತು."

ಹಂಡೆಯ ಕುದಿನೀರು ಬಂತು. ಭಾವ ಚೊಂಬಿನಲ್ಲಿ ಹುಯ್ಯುವುದು, ಬಟ್ಟೆ ಸುತ್ತಿ ಹಿಡಿದು ಮೆಲ್ಲಗೆ ತಿರುಪುವುದು. ಎಳೆಯಲಿಲ್ಲ, ತಿರುಪಿದರು. ಅದರಲ್ಲಿ ಅವರ ಕೈ ಪಳಗಿದ್ದು. ಸಣ್ಣ ಪೈಪುಗಳು ಒಂದೊಂದಾಗಿ 'ಪಟಕ್' ಎಂದು ಬಿಟ್ಟುಕೊಂಡವು. ನನಗೂ ಸ್ವಲ್ಪ ಧೈರ್ಯ ಬಂತು. ಕೊನೆಗೆ ಉಳಿದದ್ದು ಎಲ್ಲಕ್ಕಿಂತ ದಪ್ಪನೆಯದು, ಬ್ರೇಕಿನ ಪೈಪು.

ಈ ಪೈಪಿನ ಕೆಲಸ ಏನೆಂದು ಇಲ್ಲೇ ಹೇಳಿಬಿಡುತ್ತೇನೆ. ಬ್ರೇಕ್ ಪೆಡಲಿನ ಹಿಂದೆ, ಬಾನೆಟ್ಟಿನೊಳಗೆ, ರೊಟ್ಟಿ ಹಂಚಿನಷ್ಟು ಅಗಲದ ಕರಿ ಡಬ್ಬಿ ಇರುತ್ತದೆ. ಎಂಜಿನ್ ಈ ಪೈಪಿನ ಮೂಲಕ ಆ ಡಬ್ಬಿಯೊಳಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಎಳೆತವೇ ನಮ್ಮ ಕಾಲಿಗೆ ಬಲ ಕೊಡುವುದು, ಅದಿದ್ದರೆ ಬೆರಳ ತುದಿಯಲ್ಲಿ ಒತ್ತಿದರೂ ಕಾರು ನಿಲ್ಲುತ್ತದೆ. ಪೈಪಿನಲ್ಲಿ ಗಾಳಿ ಸೋರಿದರೆ ಪೆಡಲು ಕಲ್ಲಾಗುತ್ತದೆ. ಆಗ ನಿಲ್ಲಿಸಲು ಆನೆಯ ಬಲ ಬೇಕು. ಇದು ನನಗೆ ಗೊತ್ತಿತ್ತು. ಆ ಅಂಗಳದಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ.

ಆ ಪೈಪು ಕುದಿನೀರಿಗೂ ಜಗ್ಗಲಿಲ್ಲ, ತಿರುಪಿಗೂ ಜಗ್ಗಲಿಲ್ಲ. ಭಾವನ ಹಣೆಯ ನರ ಉಬ್ಬಿತು. ಬಂಪರಿಗೆ ಕಾಲು ಕೊಟ್ಟು ಇಕ್ಕಳದಲ್ಲಿ ಹಿಡಿದು ಜಗ್ಗಿದರು. ಮೂತಿ ಮುರಿಯುತ್ತದೆಂದು ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ಭಾವ ಕುಡುಗೋಲು ಹಿಡಿದಿದ್ದರು. ಒಂದು ಗೇಣುದ್ದ ಪೈಪನ್ನು ಸೀಳಿ, ಬಾಳೆದಿಂಡಿನ ಸಿಪ್ಪೆಯಂತೆ ಸುಲಿದು ತೆಗೆದರು. "ಬತ್ತೋ ಇಲ್ವೋ?" ಅಂದರು. ಬಂತು.

ಮಾರನೆಯ ದಿನ ಸಿದ್ರಾಜು ಬಂದು ಹೊಸ ಎಂಜಿನ್ ಕೂರಿಸಿದ. ಉಲ್ಲನ್ ದಾರ ನೋಡಿ ನನ್ನನ್ನು ಹೊಗಳಿದ. ಸೀಳಿದ ಪೈಪು ನೋಡಿ ಮಾತ್ರ ತಲೆ ಕೆರೆದುಕೊಂಡ. "ಗೌಡ್ರೆ, ಇದು ಓಯ್ತು. ಮೈಸೂರಿಂದ ಹೊಸಾದು ತರುಸ್ಬೇಕು. ಸ್ವಾಮಾರ ನಾನೇ ತಂದು ಆಕ್ತೀನಿ. ಅಲ್ಲೀಗಂಟ ಗಾಡಿ ಅಲ್ಲಾಡುಸ್ಬ್ಯಾಡಿ" ಎಂದು ಹೇಳಿ ಹೋದ.

ಭಾನುವಾರ ಕಾವೇರಿ ದಂಡೆಯ ಮುತ್ತತ್ತಿಯಲ್ಲಿ ನಮ್ಮ ಪರ ಇತ್ತು. ಪರ ಎಂದರೆ ನಮ್ಮಲ್ಲಿ ದೇವರ ಹೆಸರಲ್ಲಿ ಕುರಿ ಕಡಿದು, ನೆಂಟರನ್ನೆಲ್ಲ ಕರೆದು, ಹೊಳೆಯ ದಂಡೆಯಲ್ಲೇ ಬೇಯಿಸಿ ಬಡಿಸುವ ಊಟ. ಎಂಜಿನ್ ಬಿಚ್ಚಿದ ಗಾಡಿ ಯಾವುದೇ ಆಗಲಿ, ಟ್ರ್ಯಾಕ್ಟರಾಗಲಿ ಟಿಲ್ಲರಾಗಲಿ, ಮೊದಲು ಮುತ್ತತ್ತಿಗೆ ಹೋಗಿ ಬರಬೇಕು ಎನ್ನುವುದು ಭಾವನ ಮನೆಯ ಪದ್ಧತಿ. ನೆಂಟರಿಗೆ ಹೇಳಿಯಾಗಿತ್ತು, ಟೆಂಪೋ ಗೊತ್ತುಮಾಡಿಯಾಗಿತ್ತು. ಸೋಮವಾರ ಬರುವ ಪೈಪಿಗೆ ಭಾನುವಾರದ ದೇವರು ಕಾಯುವ ಹಾಗಿರಲಿಲ್ಲ.

ಶನಿವಾರ ಬೆಳಿಗ್ಗೆ ಭಾವ ಸೀಳಿದ ಪೈಪನ್ನೇ ಎತ್ತಿಕೊಂಡರು. ಸೀಳನ್ನು ಕೂಡಿಸಿ, ಮೂತಿಗೆ ತೊಡಿಸಿ, ಮೇಲೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಿದರು. ಎಂಜಿನ್ ಚಾಲೂ ಮಾಡಿಸಿ ಕಿವಿಗೊಟ್ಟರು. ಸುಯ್ ಎನ್ನುತ್ತಿತ್ತು. ನನ್ನ ಕಡೆ ತಿರುಗಿ, "ಓಗ್ಲಾ, ಸಗಣಿ ತಕ್ಕಂಬಾ" ಅಂದರು.

ನಂಬುತ್ತೀರೋ ಇಲ್ಲವೋ, ಐವತ್ತು ದಾಟಿದ ನಾನು, ನೂರಾರು ಮಕ್ಕಳಿಗೆ ಪಾಠ ಹೇಳಿದ ನಾನು, ಕೊಟ್ಟಿಗೆಗೆ ಓಡಿದೆ. ಬೊಗಸೆ ತುಂಬ ಹಸಿ ಸಗಣಿ ತಂದು ನಿಂತೆ. ಭಾವ ಅದಕ್ಕೆ ಚೂರು ನೀರು ಬೆರೆಸಿ ಕಲಸಿ ಪಟ್ಟಿಯ ಮೇಲೆ ಮೆತ್ತಿದರು. ಸುಯ್ ನಿಂತಿತು. ನಾನು ಒಳಗೆ ಕೂತು ಬ್ರೇಕ್ ಒತ್ತಿದೆ. ಬೆಣ್ಣೆಯ ಹಾಗಿತ್ತು. ಭಾವನ ಮುಖ ಅರಳಿತು. "ಏನ್ಲಾ ಮೇಷ್ಟ್ರೇ, ಸರಿ ತಾನೆ?"

ಸರಿಯಿರಲಿಲ್ಲ. ಬಾವಿಯ ಪೈಪು ಸದಾ ತಣ್ಣಗಿರುತ್ತದೆ, ಸಗಣಿ ಹಸಿಯಾಗೇ ಇರುತ್ತದೆ. ಇಲ್ಲಿ ಕೆಳಗೆ ಕೆಂಡದಂಥ ಎಂಜಿನ್. ಮಳವಳ್ಳಿ ಮುಟ್ಟುವಷ್ಟರಲ್ಲಿ ಇದು ಒಣಗಿ ಬೆರಣಿಯಾಗುತ್ತದೆ, ಬಿರಿಯುತ್ತದೆ, ಉದುರುತ್ತದೆ. ಇಷ್ಟನ್ನೂ ನಾನು ಮನಸ್ಸಿನೊಳಗೆ ಸ್ಪಷ್ಟವಾದ ಕನ್ನಡದಲ್ಲಿ ಹೇಳಿಕೊಂಡೆ. ಬಾಯಿ ಬಿಟ್ಟಾಗ ಬಂದದ್ದು, "ಸರಿ ಬಾವ."

ಭಾನುವಾರ ಹೊರಟೆವು. ನೆಂಟರ ಟೆಂಪೋ ಮುಂದೆ ಹೋಗಿತ್ತು. ಟ್ರ್ಯಾಕ್ಟರು ಬಿಟ್ಟರೆ ಭಾವನಿಗೆ ಬೇರೆ ಓಡಿಸಲು ಬಾರದು, ಹಾಗಾಗಿ ಸ್ಟೇರಿಂಗ್ ನನ್ನ ಕೈಯಲ್ಲಿತ್ತು. ಪಕ್ಕದಲ್ಲಿ ಭಾವ, ಹಿಂದೆ ಅಕ್ಕ ಮತ್ತು ಸವಿತಾ. ಬಂಡೂರಿಗೆ ತಿರುಗಿ ಪರಕ್ಕೆ ಕುರಿ ಹತ್ತಿಸಿಕೊಂಡೆವು. ಬಂಡೂರು ಕುರಿ ಗಿಡ್ಡ ಕಾಲಿನದು, ಗುಂಡಗಿನದು. ಹೆಂಗಸರಿಬ್ಬರ ಮಧ್ಯೆ ಸೀಟಿನ ಮೇಲೆಯೇ ನೆಂಟರ ಹಾಗೆ ಕೂತುಬಿಟ್ಟಿತು. ಡಿಕ್ಕಿಯ ತುಂಬ ಪಾತ್ರೆ, ಸೌದೆ. ಹೊಸ ಎಂಜಿನ್ ಗಡಗಡ ಎಳೆಯುತ್ತಿತ್ತು. "ಒತ್ಲಾ, ಇನ್ನೂ ಒತ್ತು, ಇದೇನು ಎಣ ಓತಿದ್ದೀಯಾ?" ಎಂದು ಭಾವ ನಿಮಿಷಕ್ಕೊಮ್ಮೆ ಅನ್ನುತ್ತಿದ್ದರು. ನಾನು ಒತ್ತಲಿಲ್ಲ. ನನ್ನ ಕಿವಿಯೆಲ್ಲ ಬಾನೆಟ್ಟಿನ ಕಡೆಗಿತ್ತು.

ಮಳವಳ್ಳಿ ದಾಟಿದ ಮೇಲೆ ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ದಪ್ಪಗೆ. ಸುಯ್.

ರಸ್ತೆ ಉಬ್ಬಿನಲ್ಲಿ ಬ್ರೇಕ್ ಒತ್ತಿದರೆ ಪೆಡಲು ಅರ್ಧಕ್ಕೇ ಬಿಗಿಯಾಯಿತು. ಹಲಗೂರಿನ ಬಸ್ ಸ್ಟಾಪಿನ ಹತ್ತಿರ ಹೂವು ತರಬೇಕೆಂದು ಅಕ್ಕ ನಿಲ್ಲಿಸಿದಳು. ಅದೇ ನೆಪವಾಗಿ ಇಳಿದು ಬಾನೆಟ್ ಎತ್ತಿದೆ. ಸಗಣಿ ಬೇಸಿಗೆಯ ಕೆರೆಯಂತೆ ಬಿರಿದಿತ್ತು. ಕುಡಿಯುವ ನೀರಿನ ಬಾಟಲಿ ತಂದು ಅದರ ಮೇಲೆ ಹುಯ್ದೆ. ಚುಂಯ್ ಎಂದು ಹಬೆ ಎದ್ದಿತು. ಸದ್ದು ಸ್ವಲ್ಪ ಕಡಿಮೆಯಾಯಿತು.

"ಏನ್ಲಾ ಅದು?" ಭಾವ ಕಿಟಕಿಯಿಂದ ಕೂಗಿದರು.

"ಏನಿಲ್ಲ ಬಾವ, ರೇಡಿಯೇಟರ್ ನೀರು ನೋಡ್ದೆ."

ಸವಿತಾ ನನ್ನ ಮುಖ ನೋಡಿದಳು. ಹೆಂಡತಿಯಲ್ಲವೇ, ಗೊತ್ತಾಗಿರಬೇಕು. ಕೆಳಗಿಳಿದು ಹತ್ತಿರ ಬಂದು ಮೆಲ್ಲಗೆ, "ಯಾಕ್ರೀ, ಇಂಗೆ ಬೆವರ್ತಿದ್ದೀರ? ಬ್ಯಾಡ ಅನ್ಸಿದ್ರೆ ಬ್ಯಾಡ. ಇಲ್ಲೇ ನಿಲ್ಸಿ, ಬಸ್ಸಲ್ಲಿ ಓಗಾಣ" ಅಂದಳು. ಆ ಮಾತು ಕೇಳಿ ಅಳು ಬರುವಂತಾಯಿತು. ಬಸ್ಸು ಅಲ್ಲೇ ನಿಂತಿತ್ತು. ಅದರ ಬಾಗಿಲೂ ತೆರೆದಿತ್ತು. ಭಾವನಿಗೆ ಏನು ಹೇಳುವುದು? ನೀವು ಮೆತ್ತಿದ ಸಗಣಿ ನಿಂತಿಲ್ಲ ಎಂದು ಹೇಳುವುದೇ? ನನ್ನನ್ನು ಸಾಕಿದವರಿಗೆ, ಇಡೀ ಊರೇ ಪಂಪು ಕೆಟ್ಟಾಗ ಕರೆಯುವ ಮನುಷ್ಯನಿಗೆ, ಅವರ ಹೆಂಡತಿಯ ಎದುರು? "ಏನಿಲ್ಲ ಬಾ, ಸೆಕೆ" ಎಂದು ಹೇಳಿ ಬಾನೆಟ್ ಇಳಿಸಿದೆ.

ಹಲಗೂರು ಬಿಟ್ಟರೆ ಮುತ್ತತ್ತಿಯವರೆಗೆ ಕಾಡಿನ ದಾರಿ. ಕೊನೆಗೆ ರಸ್ತೆ ತಿರುತಿರುಗಿ ಹೊಳೆಯ ಕಡೆಗೆ ಇಳಿಯುತ್ತದೆ. ಒಂದು ಬದಿ ಮಣ್ಣಿನ ದಿಬ್ಬ, ಇನ್ನೊಂದು ಬದಿ ಬರೀ ಮರದ ತಲೆಗಳು. ಮರದ ತಲೆಗಳು ರಸ್ತೆಯ ಮಟ್ಟಕ್ಕೆ ಕಾಣುತ್ತವೆ ಎಂದರೆ ಬುಡ ಎಷ್ಟು ಕೆಳಗಿದೆ ಎಂದು ಲೆಕ್ಕ ಹಾಕಿಕೊಳ್ಳಿ. ನಾನು ಹಾಕಿಕೊಂಡೆ. ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರಿಗೆ ಹಾಕಿದೆ. ಭಾವ ಸೊಂಟದಿಂದ ಎಲೆ ಅಡಿಕೆ ತೆಗೆದು, ಸುಣ್ಣ ಸವರುತ್ತಾ, "ಎತ್ತಿನ ಗಾಡೀನೂ ಇದುಕ್ಕಿಂತ ಜೋರಾಗೋಯ್ತದೆ" ಅಂದರು.

ಮೊದಲ ತಿರುವಿನಲ್ಲಿ ಬ್ರೇಕ್ ಹಿಡಿಯಿತು. ಎರಡನೆಯದರಲ್ಲೂ ಹಿಡಿಯಿತು, ಸ್ವಲ್ಪ ತಡವಾಗಿ. ಮೂರನೆಯ ತಿರುವು ಕಾಣಿಸಿದಾಗ ಒಳಗಿನಿಂದ 'ಪಟ್' ಎಂದು ಏನೋ ಬಿಟ್ಟಿತು. ಸುಯ್ ಎನ್ನುವ ಸದ್ದು ಈಗ ಭುಸುಗುಟ್ಟಿತು. ಪೆಡಲು ಒತ್ತಿದೆ. ಅದು ಇಳಿಯಲಿಲ್ಲ.

ಗೋಡೆಗೆ ಕಾಲು ಕೊಟ್ಟ ಹಾಗಿತ್ತು. ಇನ್ನೂ ಒತ್ತಿದೆ. ಎರಡೂ ಕಾಲು ಇಟ್ಟು, ಸೀಟಿನಿಂದ ಕುಂಡಿ ಎತ್ತಿ, ಸ್ಟೇರಿಂಗ್ ಹಿಡಿದು ನಿಂತೇಬಿಟ್ಟೆ. ಕಾರು ಚೂರು ತಡೆದಂತೆ ಮಾಡಿ ಮತ್ತೆ ಜಾರಿತು. ಎದುರಿಗೆ ಮರದ ತಲೆಗಳು ಹತ್ತಿರವಾಗುತ್ತಿದ್ದವು. ಹಿಂದೆ ಅಕ್ಕ "ಅಯ್ಯೋ ಸಿವನೇ" ಅಂದದ್ದು ಕೇಳಿಸಿತು. ಕುರಿ ಅರಚಿತು. ಸವಿತಾಳಿಂದ ಸದ್ದೇ ಇಲ್ಲ. ಆ ಸದ್ದಿಲ್ಲದ್ದಕ್ಕೇ ನನಗೆ ಎಲ್ಲಕ್ಕಿಂತ ಹೆಚ್ಚು ಭಯವಾಯಿತು. ಪಕ್ಕದಲ್ಲಿ ಭಾವ ಎಲೆ ಅಡಿಕೆ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಾ ಕೂತಿದ್ದರು. ಏನಾಗುತ್ತಿದೆ ಎಂದು ಅವರಿಗೆ ತಿಳಿದೇ ಇರಲಿಲ್ಲ.

ಆಗ ನನ್ನ ಬಾಯಿಂದ ಒಂದು ಕೂಗು ಬಂತು. ಅದು ನನ್ನ ದನಿಯೆಂದು ನನಗೇ ಅನಿಸಲಿಲ್ಲ.

"ಲೇ! ಏನ್ ನೋಡ್ತಿದ್ದೀಯ್ಲಾ! ಆ ಹ್ಯಾಂಡ್‌ಬ್ರೇಕ್ ಎಳ್ಯೋ, ಎಳ್ಯೋ ಬಡ್ಡೀಮಗನೇ!"

ಭಾವ ಎಳೆದರು. ಎಲೆ ಅಡಿಕೆ ಎಲ್ಲಿ ಹೋಯಿತೋ. ಎರಡೂ ಕೈಯಲ್ಲಿ ಹಿಡಿದು, ಪಂಪಿನ ಹ್ಯಾಂಡಲ್ ಎತ್ತುವಂತೆ ಎಳೆದರು. ನಾನು ಗೇರನ್ನು ಒಂದಕ್ಕೆ ತುರುಕಿದೆ. ಎಂಜಿನ್ ಕಿರುಚಿತು. ಸ್ಟೇರಿಂಗನ್ನು ದಿಬ್ಬದ ಕಡೆ ತಿರುಗಿಸಿದೆ. ಎಡಗಡೆಯ ಚಕ್ರ ಚರಂಡಿಗೆ ಇಳಿದು, ಕಾರಿನ ಪಕ್ಕೆ ಮಣ್ಣಿಗೆ ಉಜ್ಜಿಕೊಂಡು ಹೋಗಿ, ಒಂದು ಮರದ ಬೇರಿಗೆ ತಾಗಿ ಕಾರು ನಿಂತಿತು.

ಎಂಜಿನ್ ಆರಿತ್ತು. ಧೂಳು ಒಳಗೆ ಬಂತು. ಕುರಿ ಎರಡು ಸೀಟುಗಳ ಸಂದಿಯಿಂದ ತಲೆ ತೂರಿಸಿ ನನ್ನ ಮೊಣಕೈಯನ್ನು ಮೂಸಿತು. ಆಮೇಲೆ ಅಕ್ಕ, "ಎಲ್ಲಾ ಇದ್ದೀರೇನ್ರಪ್ಪಾ?" ಎಂದು ಕೇಳಿದಳು. ಸವಿತಾ ನನ್ನ ಭುಜವನ್ನು ಹಿಂದಿನಿಂದ ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು. ನಾನು ತಿರುಗಿ ನೋಡಿದೆ. ಯಾರಿಗೂ ಏನೂ ಆಗಿರಲಿಲ್ಲ. ಹಣೆ ಸ್ಟೇರಿಂಗಿಗೆ ಇಟ್ಟು ಮಗುವಿನ ಹಾಗೆ ಅತ್ತೆ.

ಅಳು ಮುಗಿಯುವ ಮೊದಲೇ ಇನ್ನೊಂದು ಭಯ ಬಂದು ಕೂತಿತು. ನಾನು ಭಾವನಿಗೆ ಲೇ ಅಂದಿದ್ದೆ. ನಮ್ಮ ಕಡೆ ಓರಗೆಯವರು ಲೇ ಅಂದುಕೊಳ್ಳುತ್ತಾರೆ, ಗಂಡ ಹೆಂಡತಿಗೆ ಅನ್ನುತ್ತಾನೆ, ಭಾವ ಭಾಮೈದನಿಗೆ ಅನ್ನುತ್ತಾನೆ. ಭಾಮೈದ ಅಕ್ಕನ ಗಂಡನಿಗೆ ಅನ್ನುವುದಿಲ್ಲ. ಅದರಲ್ಲೂ ಅವನ ಅನ್ನ ತಿಂದು ಬೆಳೆದವನು ಅನ್ನುವುದಿಲ್ಲ. ಬರೀ ಲೇ ಅಲ್ಲ, ಅದರ ಹಿಂದೆಯೇ ಬಡ್ಡೀಮಗನೂ ಬಂದಿದ್ದ. ಭಾವ ಇನ್ನೂ ಹ್ಯಾಂಡ್‌ಬ್ರೇಕನ್ನು ಎರಡು ಕೈಯಲ್ಲಿ ಹಿಡಿದೇ ಕೂತಿದ್ದರು. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಬಾಗಿಲು ತೆಗೆದು ಇಳಿದೆ. ಬಗ್ಗಿ ಎರಡು ಕಲ್ಲು ಆರಿಸಿ ಚಕ್ರಕ್ಕೆ ಕೊಟ್ಟೆ, ಬಾನೆಟ್ ಎತ್ತಿದೆ. ಸೈಕಲ್ ಟ್ಯೂಬಿನ ಪಟ್ಟಿ ಬಿಚ್ಚಿಕೊಂಡು ನೇತಾಡುತ್ತಿತ್ತು. ಸೀಳು ಬಾಯಿ ಬಿಟ್ಟಿತ್ತು. ಸಗಣಿಯ ಒಂದೆರಡು ಹಕ್ಕಳೆ ಮಾತ್ರ ಉಳಿದಿದ್ದವು.

ಭಾವ ನನ್ನ ಕಡೆಯ ಬಾಗಿಲಿನಿಂದಲೇ ಇಳಿದು ಬಂದರು. ಕಾರನ್ನು ಹಿಡಿದು ಹಿಡಿದು ನಡೆದು ಬಂದರು. ನನ್ನ ಪಕ್ಕ ನಿಂತು ಒಳಗೆ ಬಗ್ಗಿ ನೋಡಿದರು. ಒಂದು ಹಕ್ಕಳೆಯನ್ನು ಕಿತ್ತು ಬೆರಳಲ್ಲಿ ಉಜ್ಜಿದರು. ಪುಡಿಯಾಯಿತು.

"ಒಣಗೋಗದೆ" ಅಂದರು.

"ಊಂ ಬಾವ."

"ಒಣಗ್ತದೆ ಅಂತ ನಿಂಗೊತ್ತಿತ್ತಾ?"

ನಾನು ಪೈಪನ್ನೇ ನೋಡುತ್ತಿದ್ದೆ. "ಗೊತ್ತಿತ್ತು ಬಾವ."

"ಅಲಗೂರಲ್ಲಿ ನೀರು ಉಯ್ದದ್ದು ಅದುಕ್ಕೇಯಾ?"

"ಊಂ."

ಅವರು ಪುಡಿಯನ್ನು ಪಂಚೆಗೆ ಒರೆಸಿಕೊಂಡರು. ಒರೆಸಿದ ಮೇಲೂ ಆ ಬೆರಳುಗಳು ಅಲುಗುತ್ತಲೇ ಇದ್ದವು. ಅವರ ಕೈ ನಡುಗುವುದನ್ನು ನಾನು ಎಂದೂ ಕಂಡಿರಲಿಲ್ಲ.

"ನಂಗೆ ಲೇ ಅಂದೆ."

"ಬಾವ, ಅದು ಏನೋ ಎದ್ರಿಕೇಲಿ..."

"ಸನ್ವಾರ ಸಗಣಿ ಕಲಸ್ತಿದ್ದಾಗ್ಲೇ ಅನ್ನಕ್ಕೇನಾಗಿತ್ಲಾ ನಿಂಗೆ?" ಅಂದರು. ದನಿ ಒಡೆದಿತ್ತು. "ಇಂದೆ ನಿನ್ ಎಂಡ್ತಿ ಕೂತವ್ಳೆ. ನಿಮ್ಮ ಅಕ್ಕ ಕೂತವ್ಳೆ. ಸಾಯದುಕ್ಕಿಂತ್ಲೂವೆ ನನ್ ಕಂಡ್ರೆ ಬಯವೇನ್ಲಾ ನಿಂಗೆ?"

ಅವರ ಮನೆ ಸೇರಿದಾಗಿನಿಂದ ಅವರು ಕೇಳಿದ್ದಕ್ಕೆಲ್ಲ ಇಲ್ಲ ಬಾವ, ಸರಿ ಬಾವ, ಆಗಲಿ ಬಾವ ಎಂದೇ ಹೇಳಿದ್ದೆ. ಇವತ್ತು ಮುಖ ಎತ್ತಿ ನೋಡಿದೆ. ಅವರ ಕಣ್ಣು ತುಂಬಿತ್ತು.

"ಊಂ ಬಾವ, ಬಯ" ಅಂದೆ.